ನೂರು ವಿಡಿಯೊ ಟಾಸ್ಕ್‌ಗಳ ಸ್ಟೇಟಸ್ ಒಟ್ಟಿಗೆ ನೋಡಿಕೊಂಡ ಅನುಭವ

ಬೆಂಗಳೂರಿನ ನೀರಿನ ಇತಿಹಾಸವನ್ನು ಕುರಿತ ಪ್ರದರ್ಶನವೊಂದಕ್ಕೆ ಎಐ ಮೂಲಕ ನೂರಕ್ಕೂ ಹೆಚ್ಚು ಕಿರು ವಿಡಿಯೊ ತುಣುಕುಗಳನ್ನು ಸಿದ್ಧಪಡಿಸಿಕೊಡುವ ಕೆಲಸ ಈಚೆಗೆ ಮುಗಿಯಿತು. ವಿಡಿಯೊ ಮಾಡಿಸುವುದಕ್ಕಿಂತ, ಮಾಡಲು ಕೊಟ್ಟ ಅಷ್ಟೂ ಟಾಸ್ಕ್‌ಗಳು ಎಲ್ಲಿಯವರೆಗೆ ಬಂದಿವೆ ಎಂದು ಒಟ್ಟಿಗೆ ತಿಳಿದುಕೊಳ್ಳುವುದೇ ನಮಗೆ ಹೆಚ್ಚು ಹೊತ್ತು ಹಿಡಿಸಿತು, ಹಣವನ್ನೂ ತಿಂದಿತು. ಹನುಮಂತನಗರದ ನಮ್ಮ ಸ್ಟುಡಿಯೊದಂಥ ಸಣ್ಣ ಎಡಿಟಿಂಗ್ ಕೋಣೆಗಳಲ್ಲಿ ಇದೇ ಕೆಲಸಕ್ಕೆ ಕೈಹಾಕುವವರು ಹೆಚ್ಚುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಪ್ರದರ್ಶನದ ಸಂಘಟಕರು ಕೇಳಿದ್ದು ಫೋಟೊಗಳೇ ಸಿಗದ, ಅಥವಾ ಸಿಕ್ಕರೂ ಚಲನೆಯಿಲ್ಲದ ದೃಶ್ಯಗಳನ್ನು. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿರುವಲ್ಲಿ ಇದ್ದ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣದ ಜಾಗದಲ್ಲಿದ್ದ ಸಂಪಂಗಿ ಕೆರೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಊರಿಗೆ ಕೊಳವೆ ನೀರು ಬಂದದ್ದು, 1933ರ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ ನೀರಿನ ಮೊದಲ ಹಂತ, ಇವೆಲ್ಲ ಎಂಟೆಂಟು ಸೆಕೆಂಡುಗಳ ತುಣುಕುಗಳಾಗಬೇಕಿತ್ತು. ವೆಬ್‌ಸೈಟಿನಲ್ಲಿ ಒಂದೊಂದೇ ಪ್ರಾಂಪ್ಟ್, ಅಂದರೆ ಬೇಕಾದ ದೃಶ್ಯದ ವಿವರಣೆ, ಟೈಪ್ ಮಾಡಿ ಕಾಯುತ್ತ ಕುಳಿತರೆ ನವೆಂಬರ್ ಒಳಗೆ ಮುಗಿಯುವುದಿಲ್ಲವೆಂದು ಮೊದಲೇ ಗೊತ್ತಿದ್ದರಿಂದ ಎಪಿಐ ದಾರಿ, ಅಂದರೆ ನಮ್ಮ ಪ್ರೋಗ್ರಾಂ ನೇರವಾಗಿ ಸೇವೆಯೊಂದಿಗೆ ವ್ಯವಹರಿಸುವ ದಾರಿ, ಹಿಡಿದೆವು. ಅದಕ್ಕೆ ಬೇಕಾದ ಸಣ್ಣ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ಬರೆಯುವುದು ನಮ್ಮಲ್ಲಿ ಕೆಲಸ ಮಾಡುವ ಹುಡುಗನ ಪಾಲಿಗೆ, ಲೆಕ್ಕ ಇಡುವುದು ಮತ್ತು ಬಂದ ತುಣುಕುಗಳನ್ನು ನೋಡುವುದು ನನ್ನ ಪಾಲಿಗೆ ಬಂತು.

ಹಣದ ವಿಚಾರ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೊದಲ ತಡೆ ಎದುರಾದದ್ದು ಅಲ್ಲಿಯೇ. ಈ ಸೇವೆಗಳಲ್ಲಿ ಹೆಚ್ಚಿನವು ಡಾಲರ್‌ನಲ್ಲಿ, ಮುಂಗಡವಾಗಿ ಕ್ರೆಡಿಟ್ ಕೊಳ್ಳುವ ಪದ್ಧತಿಯಲ್ಲಿ ನಡೆಯುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಅದನ್ನು ಆನ್ ಮಾಡಿ ಮಿತಿಯನ್ನು ನಿಗದಿಪಡಿಸಬೇಕು. ನಮ್ಮ ಸ್ಟುಡಿಯೊದ ಕಾರ್ಡಿನಲ್ಲಿ ಅದನ್ನು ಮಾಡಿದ ಮೇಲೂ ಮೊದಲ ಪಾವತಿ ತಿರಸ್ಕೃತವಾಗಿ, ಮರುದಿನ ಬೆಳಿಗ್ಗೆ ಯಾವ ಬದಲಾವಣೆಯೂ ಇಲ್ಲದೆ ಹಾದುಹೋಯಿತು. ದರದ ಅಂದಾಜಿಗೆ ಒಂದು ಉದಾಹರಣೆ ಕೊಡುವುದಾದರೆ, ಗೂಗಲ್ ತನ್ನ ವಿಯೋ 3 ಎಂಬ, ವಿಡಿಯೊ ತಯಾರಿಸುವ ಎಐ ಮಾದರಿಯ ಎಪಿಐ ದರವನ್ನು 2025ರ ಸೆಪ್ಟೆಂಬರ್‌ನಲ್ಲಿ ಸೆಕೆಂಡಿಗೆ 75 ಸೆಂಟ್‌ನಿಂದ 40 ಸೆಂಟ್‌ಗೆ ಇಳಿಸಿತು. ಇಳಿದ ದರದಲ್ಲಿಯೂ ಎಂಟು ಸೆಕೆಂಡಿನ ಒಂದು ತುಣುಕಿಗೆ 3 ಡಾಲರ್ 20 ಸೆಂಟ್ ಆಗುತ್ತದೆ. ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕವೂ ಸೇರಿದರೆ ಹತ್ತಿರ ಹತ್ತಿರ 300 ರೂಪಾಯಿ. ಒಂದೇ ದೃಶ್ಯಕ್ಕೆ ತಿಳಿಯದೆ ಎರಡು ಸಲ ಟಾಸ್ಕ್ ಹೋದರೆ ಎರಡು ಸಲ ಹಣ ಹೋಗುತ್ತದೆ. ಸ್ಟೇಟಸ್ ನೋಡುವುದನ್ನು ಲೆಕ್ಕಪತ್ರದ ಕೆಲಸವೆಂದೇ ತಿಳಿಯಬೇಕು ಎಂದು ನನಗೆ ಅನ್ನಿಸಿದ್ದು ಇದೇ ಕಾರಣಕ್ಕೆ.

ಎಪಿಐ ಮೂಲಕ ವಿಡಿಯೊ ಕೇಳಿದರೆ ವಿಡಿಯೊ ಕೂಡಲೇ ಬರುವುದಿಲ್ಲ. ದರ್ಶಿನಿಯಲ್ಲಿ ದುಡ್ಡು ಕೊಟ್ಟಾಗ ಮೊದಲು ಟೋಕನ್ ಕೈಗೆ ಬರುವಂತೆ ಇಲ್ಲಿ ಒಂದು ಟಾಸ್ಕ್ ಐಡಿ ಬರುತ್ತದೆ. ಆ ಐಡಿಯನ್ನು ಹಿಡಿದು ಮತ್ತೆ ಮತ್ತೆ ಕೇಳಬೇಕು; ಕ್ಯೂನಲ್ಲಿದೆ, ನಡೆಯುತ್ತಿದೆ, ಮುಗಿದಿದೆ, ವಿಫಲವಾಗಿದೆ ಎಂಬ ಉತ್ತರಗಳಲ್ಲಿ ಒಂದು ಸಿಗುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ಖಾತರಿಯಿಲ್ಲ. ವಿಯೋಗೆ ಕನಿಷ್ಠ 11 ಸೆಕೆಂಡು, ದಟ್ಟಣೆಯ ಹೊತ್ತಿನಲ್ಲಿ 6 ನಿಮಿಷದವರೆಗೆ ಹಿಡಿಯಬಹುದು ಎಂದು ಗೂಗಲ್ ತನ್ನ ದಾಖಲೆಯಲ್ಲಿಯೇ ಹೇಳಿಕೊಂಡಿದೆ. ಒಂದು ಟಾಸ್ಕ್ ಆದರೆ ಇದು ಸಮಸ್ಯೆಯೇ ಅಲ್ಲ. ಅರವತ್ತು ಟಾಸ್ಕ್‌ಗಳನ್ನು ಒಂದೇ ಸಂಜೆ ಕಳಿಸಿದಾಗ ಯಾವುದು ಯಾವ ದೃಶ್ಯದ್ದು, ಯಾವುದು ನಿಜಕ್ಕೂ ನಡೆಯುತ್ತಿದೆ, ಯಾವುದು ಸತ್ತಿದೆ ಎಂದು ತಿಳಿಯುವುದೇ ಒಂದು ಪ್ರತ್ಯೇಕ ಉದ್ಯೋಗವಾಗುತ್ತದೆ.

ನಾವು ಒಂದಕ್ಕಿಂತ ಹೆಚ್ಚು ಸೇವೆಗಳನ್ನು ಬಳಸಿದೆವು. ಅವುಗಳಲ್ಲಿ ಒಂದು, ಹಲವು ಕಂಪನಿಗಳ ಮಾದರಿಗಳನ್ನು ಒಂದೇ ಬಾಗಿಲಿನಲ್ಲಿ ಒದಗಿಸುವ ಮಧ್ಯವರ್ತಿ ಸೇವೆ. ಒಂದೊಂದು ಕಡೆ ಒಂದೊಂದು ಭಾಷೆ. ಒಬ್ಬರು 'ಸಕ್ಸೀಡೆಡ್' ಎಂದರೆ ಇನ್ನೊಬ್ಬರು 'ಕಂಪ್ಲೀಟೆಡ್' ಎನ್ನುತ್ತಾರೆ. ಎಐ ವಿಡಿಯೊ ಸೇವೆ ಕೊಡುವ ರನ್‌ವೇ ಸಂಸ್ಥೆಯ ಎಪಿಐನಲ್ಲಿ 'ಥ್ರಾಟಲ್ಡ್' ಎಂಬ ಇನ್ನೊಂದು ಸ್ಥಿತಿಯೂ ಇದೆ. ನಮ್ಮ ಖಾತೆಗೆ ಏಕಕಾಲದಲ್ಲಿ ನಡೆಸಲು ಅನುಮತಿಯಿರುವ ಟಾಸ್ಕ್‌ಗಳು ಭರ್ತಿಯಾಗಿರುವುದರಿಂದ ಇದು ಹೊರಗೆ ಕಾಯುತ್ತಿದೆ ಎಂದು ಅದರ ಅರ್ಥ. ಗೂಗಲ್‌ನ ಪದ್ಧತಿ ಮತ್ತೂ ಬೇರೆ. ಅಲ್ಲಿ 'ಡನ್' ಎಂಬ ಒಂದು ಗುರುತು ಮಾತ್ರ ಇರುತ್ತದೆ, ಅದು 'ನಿಜ' ಎಂದಾದರೂ ವಿಡಿಯೊ ಸಿದ್ಧವಾಗಿದೆ ಎಂದು ಹೇಳಲಾಗದು. ಒಳಗೆ ಫಲಿತಾಂಶವಿದೆಯೋ ದೋಷದ ವಿವರವಿದೆಯೋ ಎಂದು ತೆರೆದು ನೋಡಬೇಕು. ಹೀಗಾಗಿ ಹುಡುಗನ ಸ್ಕ್ರಿಪ್ಟ್ ಮಾಡುವ ಮೊದಲ ಕೆಲಸ, ಬಂದ ಉತ್ತರ ಯಾವ ಭಾಷೆಯಲ್ಲಿದ್ದರೂ ಅದನ್ನು ನಮ್ಮ ಪಟ್ಟಿಯ ಪದಕ್ಕೆ ಇಳಿಸುವುದಾಯಿತು. ಸೇವೆ ಹೇಳಿದ ಮೂಲ ಪದವನ್ನೂ ಪಕ್ಕದ ಕಾಲಂನಲ್ಲಿ ಹಾಗೆಯೇ ಉಳಿಸಿಕೊಂಡೆವು. ಮುಂದೆ ದೂರು ಕೊಡಬೇಕಾಗಿ ಬಂದಾಗ ಅದೇ ನೆರವಾಯಿತು.

ಪಟ್ಟಿ ಎಂದೆನಲ್ಲ, ಅದರ ಬಗ್ಗೆ ಒಂದು ಎಚ್ಚರಿಕೆ. ಮಧ್ಯವರ್ತಿ ಸೇವೆಯ ಟಾಸ್ಕ್ ಐಡಿಗಳು ಹತ್ತೊಂಬತ್ತು ಅಂಕೆಗಳ ಸಂಖ್ಯೆಗಳಾಗಿದ್ದವು. ಅವುಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದ ಕೂಡಲೇ ಕೊನೆಯ ನಾಲ್ಕು ಅಂಕೆಗಳು ಸೊನ್ನೆಗಳಾಗಿ ನಿಂತವು. ಸ್ಪ್ರೆಡ್‌ಶೀಟುಗಳು ಸಂಖ್ಯೆಯಲ್ಲಿ 15 ಅಂಕೆಗಳವರೆಗೆ ಮಾತ್ರ ನಿಖರವಾಗಿ ಹಿಡಿದಿಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತವೆ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿಯೂ 9007199254740991ರ ಆಚೆಗಿನ ಪೂರ್ಣಾಂಕಗಳಿಗೆ ಇಂಥದೇ ಗತಿ. ಐಡಿ ಹೀಗೆ ಕೆಟ್ಟರೆ 'ಅಂಥ ಟಾಸ್ಕ್ ಇಲ್ಲ' ಎಂಬ ಉತ್ತರ ಬರುತ್ತದೆ, ಹಣ ಕೊಟ್ಟ ವಿಡಿಯೊ ಎಲ್ಲೋ ಸರ್ವರ್‌ನಲ್ಲಿ ಅನಾಥವಾಗಿ ಕುಳಿತಿರುತ್ತದೆ. ಐಡಿಯ ಕಾಲಂ ಅನ್ನು ಮೊದಲೇ ಅಕ್ಷರರೂಪಕ್ಕೆ, ಅಂದರೆ 'ಪ್ಲೇನ್ ಟೆಕ್ಸ್ಟ್'ಗೆ ಬದಲಿಸಿ ಆಮೇಲೆ ತುಂಬಿ. ನಾವು ಕೊನೆಗೆ ಸ್ಪ್ರೆಡ್‌ಶೀಟನ್ನು ನೋಡುವುದಕ್ಕಷ್ಟೇ ಇಟ್ಟುಕೊಂಡು, ಮೂಲ ದಾಖಲೆಯನ್ನು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್‌ನ ಫೈಲ್ ಒಂದಕ್ಕೆ ಸಾಗಿಸಿದೆವು.

ಒಟ್ಟಿಗೆ ಕೇಳುವ ವಿಧಾನ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಸೇವೆಗಳಲ್ಲಿ ಹಲವು ಐಡಿಗಳನ್ನು ಒಂದೇ ಕೋರಿಕೆಯಲ್ಲಿ ಕಳಿಸಬಹುದು, ಕೆಲವರು ಖಾತೆಯ ಎಲ್ಲ ಟಾಸ್ಕ್‌ಗಳ ಪಟ್ಟಿಯನ್ನು ಪುಟಪುಟವಾಗಿ ಕೊಡುತ್ತಾರೆ, ಇನ್ನು ಕೆಲವರಲ್ಲಿ ಒಂದು ಸಲಕ್ಕೆ ಒಂದೇ ಐಡಿ. ಹಲವು ಐಡಿಗಳನ್ನು ಒಟ್ಟಿಗೆ ಕಳಿಸಿದಾಗ ಬಂದ ಉತ್ತರಗಳ ಸಂಖ್ಯೆಯನ್ನು ಕಳಿಸಿದ ಐಡಿಗಳ ಸಂಖ್ಯೆಯೊಂದಿಗೆ ತಾಳೆ ನೋಡಲೇಬೇಕು. ತನಗೆ ಗೊತ್ತಿಲ್ಲದ ಐಡಿಯನ್ನು ಮಧ್ಯವರ್ತಿ ಸೇವೆ ಮೌನವಾಗಿ ಬಿಟ್ಟುಬಿಡುತ್ತಿತ್ತು, ದೋಷವೆಂದು ತೋರಿಸುತ್ತಿರಲಿಲ್ಲ. ಉತ್ತರಗಳ ಕ್ರಮವೂ ನಾವು ಕೇಳಿದ ಕ್ರಮದಂತೆ ಇರಲಿಲ್ಲ. ಐಡಿಯಿಂದ ಹೊಂದಿಸಬೇಕೇ ಹೊರತು ಸಾಲಿನ ಸ್ಥಾನದಿಂದ ಹೊಂದಿಸಿದರೆ ಸಂಪಂಗಿ ಕೆರೆಯ ತುಣುಕು ತಿಪ್ಪಗೊಂಡನಹಳ್ಳಿಯ ಹೆಸರಿನಲ್ಲಿ ಸೇವ್ ಆಗುತ್ತದೆ. ಪುಟಪುಟವಾಗಿ ಬರುವ ಪಟ್ಟಿಯಲ್ಲಿ ಬೇರೆ ತೊಂದರೆಯಿದೆ: ನೀವು ಎರಡನೆಯ ಪುಟ ತರಿಸುವಷ್ಟರಲ್ಲಿ ಮೇಲೆ ಹೊಸ ಟಾಸ್ಕ್‌ಗಳು ಸೇರಿದ್ದರೆ ಹಳೆಯವು ಕೆಳಕ್ಕೆ ಸರಿಯುತ್ತವೆ, ಕೆಲವು ಎರಡು ಸಲ ಕಾಣುತ್ತವೆ. ಆದ್ದರಿಂದ ಅವರ ಪಟ್ಟಿಯನ್ನು ನಂಬಿ ನಮ್ಮದನ್ನು ಕಟ್ಟುವ ಬದಲು, ನಮ್ಮ ಪಟ್ಟಿಯನ್ನು ಮುಂದಿಟ್ಟುಕೊಂಡು ಅವರದನ್ನು ಪರೀಕ್ಷಿಸುವುದು ಕ್ಷೇಮ.

ಒಂದು ಸಲಕ್ಕೆ ಒಂದೇ ಐಡಿ ಎನ್ನುವ ಕಡೆ ಹುಡುಗ ಪೈಥಾನ್ ಭಾಷೆಯಲ್ಲಿ ಹಲವು ಕೋರಿಕೆಗಳನ್ನು ಒಟ್ಟಿಗೆ ನಡೆಸುವ ಅಸಿಂಕ್‌ಐಒ ಎಂಬ ಸಾಧನ ಬಳಸಿ ಏಕಕಾಲದಲ್ಲಿ ಕೆಲವೇ ಕೋರಿಕೆಗಳು ಹೋಗುವಂತೆ ಕಡಿವಾಣ ಹಾಕಿದ. ಅದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕೋರಿಕೆಗಳ ಉತ್ತರಗಳನ್ನು ಒಟ್ಟುಗೂಡಿಸುವ 'ಗ್ಯಾದರ್' ಎಂಬ ಸೌಲಭ್ಯವನ್ನು ಸುಮ್ಮನೆ ಬಳಸಿದರೆ ಗುಂಪಿನಲ್ಲಿ ಒಂದು ಕೋರಿಕೆ ದೋಷ ಕೊಟ್ಟ ಕೂಡಲೇ ಆ ದೋಷವೇ ಮುಂದೆ ಬಂದು, ಉಳಿದವುಗಳ ಉತ್ತರ ನಮ್ಮ ಕೈಗೆ ಸಿಗದು. ದೋಷಗಳನ್ನೂ ಫಲಿತಾಂಶಗಳಂತೆಯೇ ಹಿಂದಿರುಗಿಸುವ ಆಯ್ಕೆಯನ್ನು ಅಲ್ಲಿ ಆನ್ ಮಾಡಬೇಕು.

ಎಷ್ಟು ಸಲ ಕೇಳಬಹುದು ಎಂಬುದಕ್ಕೂ ಮಿತಿಯಿದೆ. ಅರವತ್ತು ಟಾಸ್ಕ್‌ಗಳನ್ನು ಐದು ಸೆಕೆಂಡಿಗೊಮ್ಮೆ ಒಂದೊಂದಾಗಿ ಕೇಳಿದರೆ ನಿಮಿಷಕ್ಕೆ 720 ಕೋರಿಕೆಗಳಾಗುತ್ತವೆ. ಸೇವೆಯ ಮಿತಿ ನಿಮಿಷಕ್ಕೆ 60 ಇದ್ದರೆ ಪ್ರತಿ ಟಾಸ್ಕ್‌ಗೆ ನಿಮಿಷಕ್ಕೆ ಒಂದೇ ಸರದಿ. ಮಿತಿ ಮೀರಿದರೆ 429 ಎಂಬ ಉತ್ತರ ಬರುತ್ತದೆ, ಎಷ್ಟು ಹೊತ್ತು ಬಿಟ್ಟು ಬರಬೇಕೆಂಬುದನ್ನು 'ರೀಟ್ರೈ-ಆಫ್ಟರ್' ಎಂಬ ಸಾಲಿನಲ್ಲಿ ಕೆಲವು ಸೇವೆಗಳು ತಿಳಿಸುತ್ತವೆ. ಈ 429 ಬಂದದ್ದು ನಮ್ಮ ಪ್ರಶ್ನೆಗೆ. ಟಾಸ್ಕ್ ಮಾತ್ರ ಅಲ್ಲಿ ನೆಮ್ಮದಿಯಾಗಿ ನಡೆಯುತ್ತಿರುತ್ತದೆ, ಅದನ್ನು ವಿಫಲವೆಂದು ಬರೆದುಕೊಳ್ಳಬಾರದು. ರನ್‌ವೇ ಸಂಸ್ಥೆ ಒಂದು ಟಾಸ್ಕನ್ನು ಐದು ಸೆಕೆಂಡಿಗಿಂತ ಬೇಗ ಮತ್ತೆ ಕೇಳಬೇಡಿ, ನಡುವಿನ ಅಂತರದಲ್ಲಿ ಸ್ವಲ್ಪ ಏರುಪೇರು ಇರಲಿ ಎಂದು ಸಲಹೆ ಕೊಡುತ್ತದೆ. ಏರುಪೇರು ಏಕೆಂದರೆ, ಒಟ್ಟಿಗೆ ಕಳಿಸಿದ ಟಾಸ್ಕ್‌ಗಳನ್ನು ಸಮಾನ ಅಂತರದಲ್ಲಿ ಕೇಳುತ್ತ ಹೋದರೆ ಎಲ್ಲ ಪ್ರಶ್ನೆಗಳೂ ಅದೇ ಕ್ಷಣಕ್ಕೆ ಮುಗಿಬೀಳುತ್ತವೆ. ನಾವು ಕೊನೆಗೆ ಉಳಿಸಿಕೊಂಡ ಪದ್ಧತಿ ಇಷ್ಟು: ಕಳಿಸಿದ ಮೊದಲ ನಿಮಿಷ ಕೇಳುವುದೇ ಇಲ್ಲ, ನಂತರದ ಕೆಲವು ನಿಮಿಷ ಸ್ವಲ್ಪ ಪದೇ ಪದೇ, ಆಮೇಲೆ ಅಂತರ ಹಿಗ್ಗಿಸುತ್ತ ಹೋಗುವುದು, ಮತ್ತು ಮುಗಿದ ಅಥವಾ ವಿಫಲವಾದ ಟಾಸ್ಕನ್ನು ಇನ್ನೆಂದೂ ಕೇಳದಿರುವುದು. ಕೊನೆಯ ನಿಯಮ ಹೇಳಲೇಬೇಕಾಗಿಲ್ಲ ಎನ್ನಿಸಬಹುದು. ಆದರೆ ಅದೊಂದರಿಂದಲೇ ಕೋರಿಕೆಗಳು ಅರ್ಧಕ್ಕಿಂತ ಕಡಿಮೆಯಾದವು.

ಟಾಸ್ಕ್ ಮುಗಿದಾಗ ಸೇವೆಯೇ ನಮಗೆ ತಿಳಿಸುವ ವೆಬ್‌ಹುಕ್ ಎಂಬ ವ್ಯವಸ್ಥೆಯೂ ಇದೆ. ಅದಕ್ಕೆ ಹೊರಗಿನಿಂದ ತಲುಪಬಲ್ಲ ವಿಳಾಸ ಬೇಕು. ಮನೆಯ ಬ್ರಾಡ್‌ಬ್ಯಾಂಡ್‌ಗೆ ಕಟ್ಟಿಕೊಂಡ ಲ್ಯಾಪ್‌ಟಾಪಿಗೆ ಅಂಥ ವಿಳಾಸ ಇರುವುದಿಲ್ಲವಾದ್ದರಿಂದ ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ತೆಗೆದುಕೊಂಡೆವು. ಒಂದೇ ಸುದ್ದಿ ಎರಡು ಸಲ ಬರುವುದು, ಬಾರದೆಯೇ ಉಳಿಯುವುದು ಎರಡೂ ನಡೆಯಿತು. ವೆಬ್‌ಹುಕ್ ಇದ್ದರೂ ಗಂಟೆಗೊಮ್ಮೆ ಪೂರ್ತಿ ಪಟ್ಟಿಯನ್ನು ನಾವೇ ಕೇಳಿ ನೋಡುವುದನ್ನು ಬಿಡಲಿಲ್ಲ.

ಕೆಲಸ ಅರ್ಧಕ್ಕೆ ಬಂದಿದ್ದಾಗ ಸಂಘಟಕರಿಂದ ಫೋನ್ ಬಂತು.

"ಎಷ್ಟು ಆಯ್ತು ಮೇಡಂ?"

"ನಲವತ್ತು ಮುಗಿದಿವೆ ಸಾರ್."

"ಮುಗಿದಿವೆ ಅಂದ್ರೆ, ನಾಳೆ ಪೆನ್‌ಡ್ರೈವ್‌ನಲ್ಲಿ ಕೊಡ್ತೀರಾ?"

ಕೊಡುವ ಸ್ಥಿತಿ ಇರಲಿಲ್ಲ. ಮುಗಿದಿದೆ ಎಂದು ಸೇವೆ ಹೇಳಿದ್ದರಲ್ಲಿ ನಮ್ಮ ಡಿಸ್ಕಿಗೆ ಇಳಿದದ್ದು ಎಷ್ಟು, ನಾನು ನೋಡಿ ಒಪ್ಪಿದ್ದು ಎಷ್ಟು ಎಂಬುದು ಬೇರೆಯೇ ಲೆಕ್ಕ. ಅಂದಿನಿಂದ ಪಟ್ಟಿಗೆ ಎರಡು ಕಾಲಂ ಹೆಚ್ಚಾದವು: 'ಇಳಿಸಿದೆ' ಮತ್ತು 'ನೋಡಿ ಒಪ್ಪಿದೆ'. ಸಂಘಟಕರಿಗೆ ಹೇಳುತ್ತಿದ್ದದ್ದು ಕೊನೆಯ ಕಾಲಂನ ಸಂಖ್ಯೆ ಮಾತ್ರ.

ಇಳಿಸುವುದನ್ನು ತಡಮಾಡುವಂತಿಲ್ಲ. ಗೂಗಲ್ ತನ್ನ ಎಪಿಐ ಮೂಲಕ ಮಾಡಿದ ವಿಡಿಯೊಗಳನ್ನು ಎರಡು ದಿನ ಮಾತ್ರ ಸರ್ವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ರನ್‌ವೇ ಕೊಡುವ ಲಿಂಕ್‌ಗಳು 24ರಿಂದ 48 ಗಂಟೆಗಳಲ್ಲಿ ಸಾಯುತ್ತವೆ. ಮಧ್ಯವರ್ತಿ ಸೇವೆಯ ಲಿಂಕ್ ಯಾವಾಗ ಸಾಯುತ್ತದೆ ಎಂಬ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣಿತ ಸಮಯದಲ್ಲಿ, ಬರೆದಿರುತ್ತಿದ್ದರು. ಅಲ್ಲಿ 18:40 ಎಂದಿದ್ದರೆ ನಮಗೆ ಅದು ಮರುದಿನದ 00:10; ಐದೂವರೆ ಗಂಟೆ ಕೂಡಿಸಿದಾಗ ತಾರೀಖೇ ಬದಲಾಗುವುದರಿಂದ ಪಟ್ಟಿಯಲ್ಲಿ ಎರಡೂ ಸಮಯಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಲಿಂಕ್ ಸತ್ತ ಮೇಲೂ ಸ್ಟೇಟಸ್ ಮಾತ್ರ 'ಸಕ್ಸೀಡೆಡ್' ಎಂದೇ ತೋರಿಸುತ್ತಿರುತ್ತದೆ. ಇಳಿದ ಫೈಲ್ ಪೂರ್ತಿ ಇದೆಯೇ ಎಂದು ವಿಡಿಯೊ ಫೈಲಿನ ವಿವರ ತೋರಿಸುವ ಎಫ್‌ಎಫ್‌ಪ್ರೋಬ್ ಎಂಬ ಸಾಧನದಿಂದ ಅವಧಿ ಅಳೆದು ನೋಡಿದ ಮೇಲೆಯೇ 'ಇಳಿಸಿದೆ' ಎಂಬ ಗುರುತು ಬೀಳುತ್ತಿತ್ತು.

ನೋಡಿ ಒಪ್ಪುವ ಹಂತದಲ್ಲಿ ಬಿದ್ದವುಗಳ ಕಥೆ ಬೇರೆಯೇ ಉದ್ದವಿದೆ. ಧರ್ಮಾಂಬುಧಿಯ ಮೆಟ್ಟಿಲಿಳಿದು ನೀರು ತುಂಬುವ ಹೆಂಗಸರ ಒಂದು ತುಣುಕು ಬೆಳಕು, ನಡಿಗೆ, ಸೀರೆಯ ನೆರಿಗೆ ಎಲ್ಲದರಲ್ಲಿಯೂ ಚೆನ್ನಾಗಿತ್ತು. ಐದನೆಯ ಸೆಕೆಂಡಿನಲ್ಲಿ ಹಿಂದಿನಿಂದ ಬಂದವಳ ಸೊಂಟದಲ್ಲಿ ಗಿಳಿಹಸಿರು ಬಣ್ಣದ ಪ್ಲಾಸ್ಟಿಕ್ ಕೊಡ ಇತ್ತು. ಕನ್ನಡದ ಬೋರ್ಡ್ ಬರಬೇಕಾದ ದೃಶ್ಯಗಳಲ್ಲಿ ಕನ್ನಡದಂತೆ ಕಾಣುವ, ಯಾವ ಭಾಷೆಯೂ ಅಲ್ಲದ ಸುರುಳಿಗಳು ಬಂದವು. ಬೋರ್ಡ್ ಖಾಲಿ ಇರಲಿ ಎಂದು ಪ್ರಾಂಪ್ಟ್‌ನಲ್ಲಿ ಬರೆದು, ಅಕ್ಷರಗಳನ್ನು ಎಡಿಟಿಂಗ್‌ನಲ್ಲಿ ಕೂರಿಸಿದೆವು. ಸೇವೆಯ ಕಡೆಯಿಂದ ಇವೆಲ್ಲ ಯಶಸ್ವಿ ಟಾಸ್ಕ್‌ಗಳೇ, ಹಣವೂ ಪೂರ್ತಿ.

ವಿಫಲವಾದವುಗಳನ್ನು ಒಂದೇ ಗುಂಪಿಗೆ ಹಾಕಬಾರದು ಎಂಬುದು ಬೇಗ ತಿಳಿಯಿತು. ಕೆರೆಯಲ್ಲಿ ಈಜುವ ಹುಡುಗರ ದೃಶ್ಯವನ್ನು ಸುರಕ್ಷತಾ ಫಿಲ್ಟರ್ ತಡೆಯಿತು. ಅದನ್ನು ಹಾಗೆಯೇ ಮತ್ತೆ ಕಳಿಸುವುದರಿಂದ ಪ್ರಯೋಜನವಿಲ್ಲ, ದೃಶ್ಯವನ್ನೇ ಬದಲಿಸಬೇಕು. ಸರ್ವರ್‌ನ ಒಳಗಿನ ದೋಷವಾದರೆ ಸ್ವಲ್ಪ ಹೊತ್ತು ಬಿಟ್ಟು ಅದೇ ಪ್ರಾಂಪ್ಟ್ ಕಳಿಸಬಹುದು. ಕೊಟ್ಟ ಚಿತ್ರದ ಗಾತ್ರ ಹೆಚ್ಚಾಯಿತು ಎಂಬಂಥ ದೋಷವನ್ನು ಸರಿಪಡಿಸಿ ಕಳಿಸಬೇಕು. ಈ ಮೂರನ್ನು ಬೇರ್ಪಡಿಸದೆ ತಾನಾಗಿ ಮರುಯತ್ನ ಮಾಡುವ ಸ್ಕ್ರಿಪ್ಟ್ ಬರೆದವರು ಬಿಲ್ ನೋಡಿಕೊಳ್ಳಬೇಕು. ತಡೆಹಿಡಿದ ವಿಡಿಯೊಗೆ ಹಣ ಹಿಡಿಯುವುದಿಲ್ಲವೆಂದು ಗೂಗಲ್ ಹೇಳುತ್ತದೆ. ಎಲ್ಲ ಕಡೆ ಹಾಗೆ ಎಂದುಕೊಳ್ಳಬೇಡಿ, ನಿಮ್ಮ ಸೇವೆಯ ಷರತ್ತುಗಳಲ್ಲಿ ಓದಿಕೊಳ್ಳಿ.

ಎಲ್ಲಕ್ಕಿಂತ ಕಂಗೆಡಿಸಿದ ಸಂಜೆ ಮಳೆಯದು. ಒಂದು ಗುಂಪು ಟಾಸ್ಕ್‌ಗಳು ಹೋಗುತ್ತಿದ್ದ ಹೊತ್ತಿಗೆ ಕರೆಂಟ್ ಹೋಗಿ ರೌಟರ್ ಆರಿತು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು, ಸ್ಕ್ರಿಪ್ಟ್ ನಡೆಯುತ್ತಲೇ ಇತ್ತು, ಆದರೆ ಕೆಲವು ಕೋರಿಕೆಗಳಿಗೆ ಉತ್ತರವೇ ಬರಲಿಲ್ಲ. ಸೇವೆ ಅವುಗಳನ್ನು ಸ್ವೀಕರಿಸಿದೆಯೋ ಇಲ್ಲವೋ ತಿಳಿಯದು, ಐಡಿಯೂ ಇಲ್ಲ. ಹುಡುಗ, "ಮತ್ತೆ ಕಳಿಸಿಬಿಡ್ಲಾ ಮೇಡಂ?" ಎಂದ. ಬೇಡವೆಂದು ತಡೆದು, ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಖಾತೆಯ ಪೂರ್ತಿ ಪಟ್ಟಿ ತರಿಸಿದೆವು. ಉತ್ತರ ಬಾರದ ಕೋರಿಕೆಗಳಲ್ಲಿ ಹೆಚ್ಚಿನವು ಅಲ್ಲಿ ಕ್ಯೂನಲ್ಲಿದ್ದವು. ಅವುಗಳನ್ನು ಗುರುತಿಸಲು ಸಾಧ್ಯವಾದದ್ದು ಪ್ರತಿ ಪ್ರಾಂಪ್ಟ್‌ನ ಜೊತೆಗೆ ನಮ್ಮದೇ ದೃಶ್ಯ ಸಂಖ್ಯೆಯನ್ನು ಟಿಪ್ಪಣಿಯ ಜಾಗದಲ್ಲಿ ಕಳಿಸುತ್ತಿದ್ದುದರಿಂದ. ಕೆಲವು ಸೇವೆಗಳಲ್ಲಿ ಇದಕ್ಕೆಂದೇ 'ಐಡೆಂಪೊಟೆನ್ಸಿ ಕೀ' ಎಂಬ ಅನುಕೂಲವಿದೆ: ಅದೇ ಕೀ ಹೊತ್ತ ಕೋರಿಕೆ ಎರಡನೆಯ ಸಲ ಬಂದರೆ ಹೊಸ ಟಾಸ್ಕ್ ಹುಟ್ಟುವುದಿಲ್ಲ. ಇದ್ದರೆ ತಪ್ಪದೆ ಬಳಸಿ. ರೌಟರಿಗೊಂದು ಸಣ್ಣ ಯುಪಿಎಸ್ ಕೂಡ ಆ ವಾರವೇ ಬಂತು.

ಕೊನೆಗೆ ಉಳಿದದ್ದು 'ನಡೆಯುತ್ತಿದೆ' ಎಂಬಲ್ಲಿಯೇ ಅಂಟಿಕೊಂಡ ಕೆಲವು ಟಾಸ್ಕ್‌ಗಳು. ಇವುಗಳ ವಯಸ್ಸನ್ನು ಕಳಿಸಿದ ಹೊತ್ತಿನಿಂದ ಎಣಿಸಿದರೆ, ಸರದಿಗಾಗಿ ನ್ಯಾಯವಾಗಿ ಕಾಯುತ್ತಿರುವುದೂ ಸತ್ತಂತೆ ಕಾಣುತ್ತದೆ. 'ನಡೆಯುತ್ತಿದೆ' ಎಂದು ಮೊದಲು ಕಂಡ ಹೊತ್ತನ್ನು ಬೇರೆಯಾಗಿ ಬರೆದುಕೊಂಡು ಅಲ್ಲಿಂದ ಎಣಿಸಬೇಕು. ಹಾಗೆ ಎಣಿಸಿಯೂ ಗಂಟೆಗಟ್ಟಲೆ ಕದಲದವುಗಳ ಐಡಿ, ಸಮಯ, ಬಂದ ಉತ್ತರದ ಪೂರ್ತಿ ಪಠ್ಯವನ್ನು ಸೇರಿಸಿ ಮಧ್ಯವರ್ತಿ ಸೇವೆಯ ಸಹಾಯ ವಿಭಾಗಕ್ಕೆ ಬರೆದೆವು. ಮೊದಲ ಉತ್ತರ ಯಾಂತ್ರಿಕವಾಗಿತ್ತು. ಪಟ್ಟಿಯನ್ನೇ ಲಗತ್ತಿಸಿ ಮತ್ತೆ ಬರೆದ ಮೇಲೆ ಟಾಸ್ಕ್‌ಗಳನ್ನು ವಿಫಲವೆಂದು ಮುಚ್ಚಿ ಕ್ರೆಡಿಟ್ ಹಿಂತಿರುಗಿಸಿದರು. ಅಲ್ಲಿಯವರೆಗೆ ಆ ಕ್ರೆಡಿಟ್‌ಗಳು ಬಾಕಿಯಲ್ಲಿಯೂ ಕಾಣದೆ ಖರ್ಚಿನಲ್ಲಿಯೂ ಕಾಣದೆ ನಡುವೆ ಸಿಕ್ಕಿಕೊಂಡಿದ್ದವು.

ಅದೇ ಪಟ್ಟಿಯನ್ನು ನಮ್ಮ ಆಡಿಟರ್ ಕೂಡ ಕೇಳಿದರು. ವಿದೇಶದಿಂದ ಕೊಂಡ ಸೇವೆಗೆ ಜಿಎಸ್‌ಟಿ ನೋಂದಣಿ ಇರುವವರು ಶೇಕಡ 18ರ ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾವೇ ಕಟ್ಟಬೇಕು. ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆಯನ್ನು ಮೊದಲೇ ತುಂಬಿದ್ದರೆ ಇನ್‌ವಾಯ್ಸ್ ಸರಿಯಾದ ಹೆಸರಿಗೆ ಬರುತ್ತದೆ. ಕಾರ್ಡಿನ ಸ್ಟೇಟ್‌ಮೆಂಟ್, ಇನ್‌ವಾಯ್ಸ್, ಟಾಸ್ಕ್‌ಗಳ ಪಟ್ಟಿ ಮೂರನ್ನೂ ತಾಳೆ ಹಾಕಿದಾಗ ಒಂದು ದೃಶ್ಯಕ್ಕೆ ಸೇವೆಯ ಕಡೆಯಿಂದಲೇ ಎರಡು ಸಲ ಕ್ರೆಡಿಟ್ ಹಿಡಿದಿರುವುದು ಕಂಡಿತು. ಅದನ್ನೂ ಬರೆದು ವಾಪಸು ಪಡೆದೆವು. ಹೀಗೆ ವಾಪಸು ಬರುವುದು ಕಾರ್ಡಿಗಲ್ಲ, ಖಾತೆಗೆ ಕ್ರೆಡಿಟ್ ರೂಪದಲ್ಲಿ. ಅದಕ್ಕೂ ಮುಗಿಯುವ ತಾರೀಖೊಂದಿದೆ. ಆ ಕ್ರೆಡಿಟ್‌ನಲ್ಲಿ ಪ್ಲಾಸ್ಟಿಕ್ ಕೊಡದ ದೃಶ್ಯವನ್ನು ಇನ್ನೊಮ್ಮೆ ಮಾಡಿಸಿ, ಫೈಲ್‌ಗಳು ಸಂಘಟಕರ ಕೈಸೇರಿದ ಮೇಲೆ ಸೇವೆಗಳನ್ನು ಬಳಸಲು ಕೊಟ್ಟಿದ್ದ ಗುಪ್ತ ಸಂಕೇತಗಳಾದ ಎಪಿಐ ಕೀಗಳನ್ನು ರದ್ದು ಮಾಡಿ, ಕಾರ್ಡಿನ ವಿದೇಶಿ ವಹಿವಾಟನ್ನು ಮತ್ತೆ ಆಫ್ ಮಾಡಿದೆವು.